ಸ್ಯಾನ್ ಡಿಯೇಗೋದಿಂದ ಫ್ರೀಮಾಂಟ್‌ಗೆ: 2010ರ ರೋಡ್‌ಸ್ಟರ್ ತಂದು ಸರಿಮಾಡಿದ ದಿನಚರಿ

ಬೆಂಗಳೂರಿನಲ್ಲಿ ಓದುತ್ತಿದ್ದಾಗ ಜಯನಗರದ ಓಣಿಯೊಂದರಲ್ಲಿ ದಿನಾ ಒಂದು ಹಸಿರು ರೇವಾ ನಿಂತಿರುತ್ತಿತ್ತು. ಮುಂದಿನ ಸೀಟಿನ ಅಡಿಯಲ್ಲಿ ಎಂಟು ಸೀಸದ ಬ್ಯಾಟರಿ, 48 ವೋಲ್ಟ್, ಮನೆಯ ಮಾಮೂಲಿ ಪ್ಲಗ್ಗಿನಿಂದ ಚಾರ್ಜು. ಅದರ ಯಜಮಾನರು ಒಂದು ಭಾನುವಾರ ಸೀಟೆತ್ತಿ ಬ್ಯಾಟರಿಗೆ ನೀರು ಹಾಕುತ್ತಿದ್ದಾಗ ನಾನು ಪಕ್ಕದಲ್ಲಿ ನಿಂತು ನೋಡಿದ್ದೆ. ಕರೆಂಟಿನ ಕಾರಿನ ಹುಚ್ಚು ಹತ್ತಿದ್ದು ಅವತ್ತು. ಟೆಸ್ಲಾ ಕಂಪನಿಯ ಕರೆಂಟಿನ ಸ್ಪೋರ್ಟ್ಸ್ ಕಾರುಗಳಾದ ಮೊದಲ ರೋಡ್‌ಸ್ಟರ್‌ಗಳು 2008ರಲ್ಲಿ ಗಿರಾಕಿಗಳ ಕೈ ಸೇರಿದಾಗ ಅದರ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದೆ. 2012ರವರೆಗೆ ತಯಾರಾದ ಒಟ್ಟು ಕಾರುಗಳು 2,450ರ ಆಸುಪಾಸು. ಅದರಲ್ಲೊಂದು ಈಗ ನಮ್ಮ ಗ್ಯಾರೇಜಿನಲ್ಲಿದೆ.

ಕಾರು ಸಿಕ್ಕಿದ್ದು ಸ್ಯಾನ್ ಡಿಯೇಗೋ ಹೊರವಲಯದ ಒಬ್ಬ ವಯಸ್ಸಾದವರ ಹತ್ತಿರ. 2010ರ 2.5 ಮಾದರಿ, 31 ಸಾವಿರ ಮೈಲಿ ಓಡಿದೆ, ಮೊದಲಿನಿಂದಲೂ ಒಬ್ಬರೇ ಮಾಲೀಕರು. ಫೋನಿನಲ್ಲಿ ನಾನು ಮೊದಲು ಕೇಳಿದ್ದು ಬಣ್ಣವನ್ನಲ್ಲ, ಬೆಲೆಯನ್ನೂ ಅಲ್ಲ. "ಓಡಿಸದೇ ಇದ್ದಾಗ ಪ್ಲಗ್ಗಿಗೆ ಹಾಕಿ ಇಡುತ್ತಿದ್ದಿರಾ?" ಅಂತ. ಈ ಕಾರಿನ ಮಟ್ಟಿಗೆ ಅದೇ ಮುಖ್ಯ. ರೋಡ್‌ಸ್ಟರ್ ನಿಂತಲ್ಲೇ ನಿಂತಿದ್ದರೂ ಸ್ವಲ್ಪ ಸ್ವಲ್ಪವೇ ಕರೆಂಟು ತಿನ್ನುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟು ಬ್ಯಾಟರಿ ಪೂರ್ತಿ ಬರಿದಾದರೆ ಮತ್ತೆ ಏಳುವುದಿಲ್ಲ. 2012ರಲ್ಲಿ ಹೀಗೆ ಸತ್ತ ಕೆಲವು ಕಾರುಗಳ ವಿಷಯ ದೊಡ್ಡ ಸುದ್ದಿಯೇ ಆಗಿತ್ತು. ಬದಲಿ ಬ್ಯಾಟರಿಗೆ 40 ಸಾವಿರ ಡಾಲರ್ ಅನ್ನುತ್ತಿದ್ದ ಕಾಲ ಅದು.

"ಒಂದು ರಾತ್ರಿಯೂ ಬಿಟ್ಟಿಲ್ಲ" ಅಂದರು ಅವರು. ಮಾತಿನ ಮೇಲೆ ಮಾತ್ರ ನಂಬಿಕೆ ಇಡುವ ಹಾಗಿಲ್ಲವಾದ್ದರಿಂದ ಕಾರಿನ ಲಾಗ್ ಕಳಿಸಿ ಅಂತ ಕೇಳಿಕೊಂಡೆ. ಪೆನ್‌ಡ್ರೈವ್ ಚುಚ್ಚಿದರೆ ಕಾರು ತನ್ನ ಇತಿಹಾಸವನ್ನೆಲ್ಲ ಅದಕ್ಕೆ ಇಳಿಸಿಕೊಡುತ್ತದೆ. ಅದನ್ನು ಬಿಡಿಸಿ ಓದುವ ಉಚಿತ ತಂತ್ರಾಂಶವನ್ನು ಹಳೆಯ ಮಾಲೀಕರೇ ಬರೆದಿಟ್ಟಿದ್ದಾರೆ.

ಓದುವುದು ಏನನ್ನು ಅಂತ ಹೇಳಬೇಕು. ಇದರ ಬ್ಯಾಟರಿಯಲ್ಲಿ ಟಾರ್ಚಿನ ಸೆಲ್ಲಿಗಿಂತ ಸ್ವಲ್ಪ ಉದ್ದದ 6,831 ಸೆಲ್‌ಗಳಿವೆ. 69 ಸೆಲ್ ಪಕ್ಕಪಕ್ಕ ಕೂಡಿಸಿದರೆ ಒಂದು 'ಬ್ರಿಕ್', ಅಂಥ ಒಂಬತ್ತು ಸೇರಿದರೆ ಒಂದು 'ಶೀಟ್', ಒಟ್ಟು ಹನ್ನೊಂದು ಶೀಟ್. ಅಂದರೆ 99 ಬ್ರಿಕ್ ಒಂದರ ಹಿಂದೆ ಒಂದು ಸಾಲಾಗಿ ನಿಂತಿವೆ. ಹೊಸದಿದ್ದಾಗ 53 ಯೂನಿಟ್ ಕರೆಂಟು ಹಿಡಿಯುತ್ತಿತ್ತು, ತೂಕ ಸುಮಾರು 450 ಕಿಲೋ. ಸಾಲಿನಲ್ಲಿ ಒಂದು ಬ್ರಿಕ್ ಸೊರಗಿದರೂ ಇಡೀ ಬ್ಯಾಟರಿ ಅದರ ಹೆಜ್ಜೆಗೇ ಹೆಜ್ಜೆ ಹಾಕಬೇಕು, ಜೋಡೆತ್ತಿನಲ್ಲಿ ಒಂದು ಕುಂಟಿದರೆ ಗಾಡಿಯೇ ಕುಂಟುವ ಹಾಗೆ. ಬ್ಯಾಟರಿಯ ಧಾರಣಶಕ್ತಿಯನ್ನು ಕಾರು 'ಸಿಎಸಿ' ಅನ್ನುವ ಅಂಕಿಯಲ್ಲಿ ಬರೆದಿಡುತ್ತದೆ. ಹೊಸತರಲ್ಲಿ 160 ಆಂಪಿಯರ್-ಗಂಟೆಯ ಹತ್ತಿರ. ಈ ಕಾರಿನದು 141. ಎಲ್ಲಕ್ಕಿಂತ ಸೊರಗಿದ ಬ್ರಿಕ್ಕಿನದು 138. ಅಂತರ ಕಡಿಮೆ ಇದೆ, ಇಳಿಕೆ ವರ್ಷದಿಂದ ವರ್ಷಕ್ಕೆ ಒಂದೇ ಸಮನಾಗಿದೆ, ನಡುವೆ ಎಲ್ಲೂ ಗುಂಡಿಗೆ ಬಿದ್ದ ಹಾಗೆ ಕುಸಿದಿಲ್ಲ. ಅವರು ಹೇಳಿದ್ದು ನಿಜ ಅಂತ ಲಾಗೇ ಸಾಕ್ಷಿ ಹೇಳಿತು. ಮಾರನೆಯ ದಿನ ಮುಂಗಡ ಕಳಿಸಿದೆ.

ಟ್ರೇಲರ್ ಹತ್ತಿಸಿದ್ದು

ಅಲ್ಲಿಂದ ನಮ್ಮ ಮನೆಗೆ ಏಳುನೂರ ಐವತ್ತು ಕಿಲೋಮೀಟರ್ ಚಿಲ್ಲರೆ. ಓಡಿಸಿಕೊಂಡೇ ಬರುವ ಆಸೆ ಇತ್ತು. 2009ರಲ್ಲಿ ಸೋಲಾರ್‌ಸಿಟಿ ಕಂಪನಿ 101 ಹೆದ್ದಾರಿಯುದ್ದಕ್ಕೂ ರಾಬೋಬ್ಯಾಂಕ್ ಶಾಖೆಗಳ ಅಂಗಳದಲ್ಲಿ ಈ ಕಾರಿಗೆಂದೇ 70 ಆಂಪಿಯರ್ ಚಾರ್ಜರ್ ಇಟ್ಟಿತ್ತು. ಆಗಿನವರು ಸ್ಯಾನ್ ಫ್ರಾನ್ಸಿಸ್ಕೋ-ಲಾಸ್ ಏಂಜಲಿಸ್ ನಡುವೆ ಅದೇ ದಾರಿಯಲ್ಲಿ ಓಡಾಡುತ್ತಿದ್ದರು. ನನಗೂ ಆ ದಾರಿ ಹಿಡಿಯಬೇಕು ಅನ್ನಿಸಿದ್ದು ಸಹಜ. ಆದರೆ ಟೈರಿನ ಫೋಟೋ ಬಂದ ಮೇಲೆ ಆಸೆ ಬಿಟ್ಟೆ. ಪಕ್ಕೆಯ ಮೇಲಿನ ನಾಲ್ಕಂಕಿ 2313. 2013ನೇ ಇಸವಿಯ 23ನೇ ವಾರದಲ್ಲಿ ತಯಾರಾದ ರಬ್ಬರು. ಟೈರಿನ ಹೂವು, ಅಂದರೆ ಮೇಲಿನ ಗೀರು, ಚೆನ್ನಾಗಿಯೇ ಇತ್ತು, ಆದರೆ ಹತ್ತು ವರ್ಷ ದಾಟಿದ ರಬ್ಬರ್ ಕಲ್ಲಿನ ಹಾಗೆ ಗಡಸಾಗಿರುತ್ತದೆ. ಭಾರದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಹಿಂದಿನ ಚಕ್ರದ ಮೇಲಿರುವ ಕಾರಿಗೆ, ಹೆದ್ದಾರಿಯಲ್ಲಿ, ಅಂಥ ಟೈರ್ ಬೇಡ. ಮೇಲಾಗಿ ಈ ಕಾರಿಗೆ ಈಗಿನ ಡಿಸಿ ವೇಗದ ಚಾರ್ಜಿಂಗ್ ಇಲ್ಲವೇ ಇಲ್ಲ. ಸೂಪರ್‌ಚಾರ್ಜರ್ ಎದುರು ನಿಂತರೂ ಉಪಯೋಗವಿಲ್ಲ. ಮಾಮೂಲಿ ಸಾರ್ವಜನಿಕ ಚಾರ್ಜರಿನಲ್ಲಿ ಒಂದೊಂದು ನಿಲುಗಡೆಗೂ ಐದಾರು ಗಂಟೆ.

ಹಾಗಾಗಿ ಮುಚ್ಚಿದ ಟ್ರೇಲರ್ ಗೊತ್ತುಮಾಡಿ ನಾನು ವಿಮಾನದಲ್ಲಿ ಹೋದೆ. ಹತ್ತಿಸುವಾಗ ಎದುರಿಗಿರಬೇಕು ಅನ್ನುವುದು ನನ್ನ ಹಟವಾಗಿತ್ತು. ಅದು ಸರಿಯಾಗಿಯೇ ಇತ್ತು. ಟ್ರೇಲರಿನವರು ಒಳ್ಳೆಯ ಕೆಲಸಗಾರರೇ, ಆದರೆ ಇಂಥ ಕಾರು ಮುಟ್ಟಿದ್ದು ಅದೇ ಮೊದಲು. ಸೀದಾ ಸಸ್ಪೆನ್ಷನ್ ತೋಳಿಗೆ ಕೊಕ್ಕೆ ಹಾಕಿ ಸರಪಳಿ ಬಿಗಿಯಲು ಬಂದರು. ತಡೆದೆ. ಇದರ ಅಸ್ಥಿಪಂಜರ ಲೋಟಸ್ ಎಲಿಸ್ ಕಾರಿನ ವಂಶದ್ದು. ಅಲ್ಯೂಮಿನಿಯಂ ಪಟ್ಟಿಗಳನ್ನು ಬೆಸುಗೆ ಹಾಕದೆ ಅಂಟಿನಿಂದ ಕೂಡಿಸಿದ್ದು, ಇಂಗ್ಲೆಂಡಿನ ಹೆಥಲ್‌ನಲ್ಲಿ ಜೋಡಣೆಯಾದದ್ದು. ಮೈ ಪೂರ್ತಿ ಕಾರ್ಬನ್ ಫೈಬರ್. ಸರಪಳಿ ಎಳೆಯುವ ಜಾಗ ಅಲ್ಲಿ ಎಲ್ಲೂ ಇಲ್ಲ. ಚಕ್ರದ ಮೇಲೆ ಸುತ್ತಿ ಬರುವ ಬಟ್ಟೆಯ ಪಟ್ಟಿಗಳನ್ನು ನಾನೇ ಒಯ್ದಿದ್ದೆ, ನಾಲ್ಕೂ ಚಕ್ರಕ್ಕೆ ಅದನ್ನೇ ಕಟ್ಟಿಸಿದೆ.

ಹತ್ತಿಸುವುದಕ್ಕೆ ಮುಂಚೆ ಪರದೆಯಲ್ಲಿ 'ಟೋ ಮೋಡ್' ಒತ್ತಬೇಕು, ಹ್ಯಾಂಡ್‌ಬ್ರೇಕ್ ಇಳಿಸಬೇಕು. ಆಗ ಮಾತ್ರ ಹಿಂದಿನ ಚಕ್ರ ಬಿಡುಗಡೆಯಾಗಿ ಕಾರು ತಳ್ಳಿದ ಕಡೆ ಉರುಳುತ್ತದೆ. ಮುಂಭಾಗದ ಸಣ್ಣ ಮುಚ್ಚಳ ತೆಗೆದು ಎಳೆಯುವ ಕೊಂಡಿ ತಿರುಗಿಸಿ ಕೂರಿಸಿ, ಅದಕ್ಕೆ ವಿಂಚಿನ ಹಗ್ಗ. ಮೂತಿ ಎಷ್ಟು ತಗ್ಗಿದೆ ಅಂದರೆ ಟ್ರೇಲರಿನ ಇಳಿಜಾರಿಗೆ ನೇರ ಹೋದರೆ ಕೆಳತುಟಿ ಉಜ್ಜುತ್ತದೆ. ಎರಡು ಇಂಚು ದಪ್ಪದ ಹಲಗೆಗಳನ್ನು ಒಂದರ ಮುಂದೊಂದು ಇಟ್ಟು ಏರು ಕಡಿಮೆ ಮಾಡಿದೆವು. ಒಂದೊಂದು ಅಡಿಗೂ ನಿಲ್ಲಿಸಿ, ಬಗ್ಗಿ ನೋಡಿ, ಮತ್ತೆ ಎಳೆದು, ಮುಕ್ಕಾಲು ಗಂಟೆ ಹಿಡಿಯಿತು. ಇನ್ನೊಂದು ಮಾತು: ರೋಡ್‌ಸ್ಟರನ್ನು ಹಿಂದಿನ ಚಕ್ರ ನೆಲಕ್ಕೆ ಬಿಟ್ಟು ಎಳೆದುಕೊಂಡು ಹೋಗಲು ಯಾರಿಗೂ ಬಿಡಬೇಡಿ. ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ.

ಬ್ಯಾಟರಿಯನ್ನು ಅರವತ್ತು ಶೇಕಡಾದಷ್ಟು ತುಂಬಿಸಿ ಬಿಟ್ಟಿದ್ದೆ. ಟ್ರೇಲರ್ ನಾಲ್ಕು ದಿನಕ್ಕೆ ಅಂತ ಹೊರಟಿದ್ದು ದಾರಿಯಲ್ಲಿ ಬೇರೆ ಕಾರುಗಳನ್ನು ಇಳಿಸಿಕೊಂಡು ಎಂಟನೇ ದಿನಕ್ಕೆ ಬಂತು. ಆ ಎಂಟು ದಿನ ನನಗೆ ನಿದ್ದೆ ಅಷ್ಟಕ್ಕಷ್ಟೆ.

ಮಲಗಿ ನೋಡಿದ್ದು

ಆ ಹೊತ್ತಿಗೆ ನಮ್ಮ ಮಾವ ಹಾಸನದಿಂದ ಬಂದಿದ್ದರು. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಕಾರು ಇಳಿಸಿದ ಕೂಡಲೇ ನಾನು ಕೀಲಿ ಹಿಡಿದು ಒಂದು ಸುತ್ತು ಹೋಗಿ ಬರೋಣ ಅಂತ ಹೊರಟೆ. ಮಾವ ಕೈ ಅಡ್ಡ ಹಿಡಿದರು.

"ಅಳಿಯಂದ್ರೆ, ಗಾಡಿ ಬಂದ ದಿನ ಓಡಿಸಬಾರದು. ಮೊದಲು ಕೆಳಗೆ ಮಲಗಿ ನೋಡಬೇಕು."

ಡಿಪೋಗೆ ಬೇರೆ ವಿಭಾಗದಿಂದ ಬಸ್ಸು ಬಂದರೆ ಅವರದು ಅದೇ ಕ್ರಮವಂತೆ. ಸರಿ, ಕಾರನ್ನು ಎತ್ತುವ ಕೆಲಸದಿಂದಲೇ ಶುರುವಾಯಿತು. ಜಾಕ್ ಕೊಡುವ ಜಾಗ ಬಿಟ್ಟು ಒಂದಿಂಚು ಆಚೆ ಕೊಟ್ಟರೂ ಅಲ್ಯೂಮಿನಿಯಂ ಸೊಟ್ಟಾಗುತ್ತದೆ. ಐಸ್ ಹಾಕಿಯ ಗಟ್ಟಿ ರಬ್ಬರ್ ಬಿಲ್ಲೆಗಳನ್ನು ಜಾಕಿನ ತಲೆಗೆ ಇಟ್ಟು, ಕೈಪಿಡಿ ತೋರಿಸಿದ ಜಾಗಕ್ಕೇ ಕೊಟ್ಟು, ಕಾಲು ಕಾಲು ಇಂಚಾಗಿ ಎತ್ತಿದೆವು. ಮಾವ ಟಾರ್ಚ್ ಹಿಡಿದು ಹಿಂದಿನ ತಳದ ತಗಡಿನ ಅಡಿ ತೂರಿದರು. ಎರಡು ನಿಮಿಷದ ಮೇಲೆ ಒಳಗಿಂದಲೇ ಕೇಳಿದರು, "ಇಲ್ಲಿ ನೀಲಗಿರಿ ಮರ ಇದ್ವಾ?"

ತಗಡು ಬಿಚ್ಚಿದಾಗ ಒಂದು ಮೊರದಷ್ಟು ಒಣ ನೀಲಗಿರಿ ಎಲೆ ಉದುರಿತು. ದಕ್ಷಿಣ ಕ್ಯಾಲಿಫೋರ್ನಿಯಾ ತುಂಬ ಆ ಮರಗಳೇ. ಎಲೆ ಸಿಕ್ಕಿಕೊಂಡಿದ್ದು ಮೋಟಾರಿಗೆ ಗಾಳಿ ಊದುವ ಫ್ಯಾನಿನ ಬಾಯಲ್ಲಿ. ಈ ಕಾರಿನ ಬ್ಯಾಟರಿಗೆ ನೀರಿನ ತಂಪು ಉಂಟು, ಆದರೆ ಮೋಟಾರಿಗೂ, ಅದರ ಮೇಲೆ ಕೂತ 'ಪೆಮ್' ಅನ್ನುವ ವಿದ್ಯುತ್ ಪೆಟ್ಟಿಗೆಗೂ ಬರೀ ಗಾಳಿ. ಬ್ಯಾಟರಿಯ ನೇರ ಕರೆಂಟನ್ನು ಮೋಟಾರಿಗೆ ಬೇಕಾದ ಮೂರು ಫೇಸಿಗೆ ಬದಲಿಸುವುದೂ, ಚಾರ್ಜ್ ಮಾಡುವುದೂ ಆ ಪೆಟ್ಟಿಗೆಯೇ. ಅದರ ತಂಪಿನ ರೆಕ್ಕೆಗಳಲ್ಲಿ ಧೂಳು ಕೂತರೆ ಏರಿನಲ್ಲಿ ಕಾವು ಹೆಚ್ಚಾಗಿ ಕಾರು ತಾನಾಗಿ ಶಕ್ತಿ ತಗ್ಗಿಸುತ್ತದೆ. ಫ್ಯಾನುಗಳನ್ನು ನಾವೇ ಬಿಚ್ಚಿ ಬ್ರಷ್ಷಿನಿಂದ ತಿಕ್ಕಿದೆವು. ಪೆಮ್ ಮಾತ್ರ ಮುಟ್ಟಲಿಲ್ಲ. ಅಲ್ಲಿ 400 ವೋಲ್ಟಿನ ಹತ್ತಿರದ ನೇರ ಕರೆಂಟಿದೆ, ಸಂಪರ್ಕ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ತರಬೇತಿ, ಕೈಗವಸು, ಉಪಕರಣ ಇಲ್ಲದೆ ಯಾರೂ ಅದಕ್ಕೆ ಕೈ ಹಾಕಬಾರದು.

12 ವೋಲ್ಟಿನ ಎಚ್ಚರಿಕೆ

ಕಾರು ಎಚ್ಚರವಾದಾಗೆಲ್ಲ ಪರದೆಯ ಮೇಲೆ 12 ವೋಲ್ಟ್ ಬ್ಯಾಟರಿಯ ದೂರು. 2.0 ಮತ್ತು 2.5 ಮಾದರಿಯಲ್ಲಿ ದೊಡ್ಡ ಬ್ಯಾಟರಿಯ ಜೊತೆಗೆ ಒಂದು ಸಣ್ಣ 12 ವೋಲ್ಟಿನದೂ ಇದೆ. ದೊಡ್ಡದು ಕೈಕೊಟ್ಟರೆ ದೀಪ, ಹಜಾರ್ಡ್ ಇಂಥದಕ್ಕೆ ಆಸರೆ. ಅದು ಕೂತಿರುವುದು ಮುಂದಿನ ಬಲ ಚಕ್ರದ ಗೂಡಿನೊಳಗೆ, ಪ್ಲಾಸ್ಟಿಕ್ ಲೈನರಿನ ಹಿಂದೆ. ಚಕ್ರ ಬಿಚ್ಚಿ, ಲೈನರ್ ಮಡಚಿ, ತೋಳು ಗೀರಿಸಿಕೊಂಡು ಹೊರತೆಗೆದದ್ದಾಯಿತು. ಅಳತೆಗೆ ಸರಿಯಾದ ಸೀಲ್ ಬ್ಯಾಟರಿ ಹಾಕಿದೆವು. ದೂರು ನಿಂತಿತು.

ಅಲ್ಲೇ ಇನ್ನೊಂದು ನೋಡುವುದಿತ್ತು. 2010ರ ಅಕ್ಟೋಬರಿನಲ್ಲಿ ಟೆಸ್ಲಾ 439 ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು. ಬಲ ಹೆಡ್‌ಲೈಟಿನ ಹಿಂದೆ ಹಾಯುವ 12 ವೋಲ್ಟಿನ ಒಂದು ಕೇಬಲ್ ಕಾರ್ಬನ್ ಫೈಬರ್ ಹಲಗೆಯ ಅಂಚಿಗೆ ಉಜ್ಜಿ, ಸಿಪ್ಪೆ ಸುಲಿದು ಶಾರ್ಟ್ ಆಗಬಹುದು ಅನ್ನುವ ಕಾರಣಕ್ಕೆ. ಕಾರ್ಬನ್ ಫೈಬರಿನ ಅಂಚು ಗರಗಸದ ಹಾಗೆ ಅನ್ನುವುದು ಕೈಯಾಡಿಸಿದ ಮೇಲೆ ಗೊತ್ತಾಯಿತು. ನಮ್ಮ ಕಾರಿಗೆ ಆ ರಿಪೇರಿ ಆಗಿತ್ತು, ಕೇಬಲ್ಲಿಗೆ ರಕ್ಷಾಕವಚ ಇತ್ತು. ಆದರೂ ಅದರಿಂದ ಸ್ವಲ್ಪ ಆಚೆ ಮತ್ತೊಂದು ತೆಳು ತಂತಿ ಅಂಚಿಗೆ ತಾಗಿಕೊಂಡು ಹೊಳಪಾಗಿದ್ದು ಮಾವನ ಕಣ್ಣಿಗೆ ಬಿತ್ತು. ಅದು ಯಾವ ತಂತಿ ಅಂತ ತಿಳಿಯಲು ವೈರಿಂಗ್ ನಕ್ಷೆ ಬೇಕಿತ್ತು, ಸಿಕ್ಕಿತು. 2023ರ ನವೆಂಬರಿನಲ್ಲಿ ಟೆಸ್ಲಾ ಮೊದಲ ರೋಡ್‌ಸ್ಟರಿನ ವಿನ್ಯಾಸ ದಾಖಲೆಗಳನ್ನೂ ಸರ್ವಿಸ್ ಕೈಪಿಡಿಗಳನ್ನೂ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ನನ್ನಂಥವರಿಗೆ ಅದು ದೊಡ್ಡ ಉಪಕಾರ. ನಕ್ಷೆ ಹಿಡಿದು ಹುಡುಕಿದಾಗ ದೀಪವೊಂದರ ತಂತಿ ಅಂತ ಗೊತ್ತಾಯಿತು. ಬಟ್ಟೆಯ ತೋಳು ತೊಡಿಸಿ, ಕಟ್ಟಿ, ಅಂಚಿಗೆ ರಬ್ಬರ್ ಪಟ್ಟಿ ಕೂರಿಸಿದೆವು.

ಟೈರಿನ ವಿಷಯ: ಮುಂದೆ 175/55, 16 ಇಂಚು, ಹಿಂದೆ 225/45, 17 ಇಂಚು. ಮುಂದಿನ ಅಳತೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಲೋಟಸ್ ಇಟ್ಟುಕೊಂಡವರನ್ನು ವಿಚಾರಿಸಿ ತರಿಸಿದ್ದಕ್ಕೆ ಮೂರು ವಾರ. ಗಾಳಿಯ ಒತ್ತಡ ಹೇಳುವ ಸೆನ್ಸರುಗಳ ಬ್ಯಾಟರಿಯೂ ಸತ್ತಿದ್ದರಿಂದ ಟೈರ್ ಬಿಚ್ಚಿದಾಗಲೇ ನಾಲ್ಕನ್ನೂ ಬದಲಿಸಿದೆ. ಬ್ರೇಕ್ ಪ್ಯಾಡು ಹೊಸದರ ಹಾಗಿದೆ, ಏಕೆಂದರೆ ಈ ಕಾರು ಹೆಚ್ಚಾಗಿ ಮೋಟಾರಿನಿಂದಲೇ ನಿಧಾನವಾಗುತ್ತದೆ. ಬ್ರೇಕ್ ಆಯಿಲ್ ಮಾತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬದಲಾಯಿಸಿದೆವು.

ಪ್ಲಗ್ಗು ಬಿಸಿಯಾದ ರಾತ್ರಿ

ಹೊಸದಾಗಿ ಸೇರಿಸಿದ್ದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಓವಿಎಂಎಸ್ ಪೆಟ್ಟಿಗೆ, ಕಾರಿನ ಸ್ಥಿತಿಗತಿಯನ್ನು ಫೋನಿಗೆ ಕಳಿಸುವ ಸಾಧನ. 2010ರ ಕಾರಿನೊಳಗಿದ್ದ ದೂರವಾಣಿ ಭಾಗ 2ಜಿ ಕಾಲದ್ದು; ಇಲ್ಲಿ ಎಟಿ&ಟಿ ಆ ಜಾಲವನ್ನು 2016ರ ಕೊನೆಗೇ ಮುಚ್ಚಿತು. ಓವಿಎಂಎಸ್ ಅಂದರೆ ರೋಡ್‌ಸ್ಟರ್ ಮಾಲೀಕರೇ 2011ರ ಹೊತ್ತಿಗೆ ಶುರುಮಾಡಿದ ಮುಕ್ತ ಯೋಜನೆ, ಈಗ ಹತ್ತಾರು ಬೇರೆ ಕಾರುಗಳಿಗೂ ಹಬ್ಬಿದೆ. ಪಕ್ಕದ ಸೀಟಿನ ಕಾಲಿಡುವ ಜಾಗದಲ್ಲಿರುವ ಪರೀಕ್ಷಾ ಕನೆಕ್ಟರಿಗೆ ಚುಚ್ಚಿದರೆ ಸಾಕು. 4ಜಿ ಸಿಮ್ ಹಾಕಿ, ಆಂಟೆನಾವನ್ನು ಡ್ಯಾಶಿನ ಅಡಿ ಅಂಟಿಸಿ, ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಬ್ಯಾಟರಿ, ಮೋಟಾರ್, ಪೆಮ್ ಮೂರರ ಬಿಸಿಯೂ, ನಾಲ್ಕು ಟೈರಿನ ಒತ್ತಡವೂ, ಸಿಎಸಿ ಅಂಕಿಯೂ ಈಗ ಫೋನಿನಲ್ಲೇ.

ಹಾಕಿದ ಮೂರನೇ ರಾತ್ರಿ ಒಂದೂವರೆಗೆ ಫೋನ್ ಕೂಗಿತು. ಚಾರ್ಜ್ ಅರ್ಧಕ್ಕೇ ನಿಂತಿದೆ. ಗ್ಯಾರೇಜಿಗೆ ಹೋದರೆ ಬೇಕೆಲೈಟ್ ಸುಟ್ಟ ವಾಸನೆ. ಕಾರಿಗೆ ಪ್ಲಗ್ ಹಾಕುವ ಗೋಡೆಯ ದೊಡ್ಡ ಸಾಕೆಟ್ (ಇಲ್ಲಿ ಅದಕ್ಕೆ 14-50 ಅನ್ನುತ್ತಾರೆ) ಮುಟ್ಟಲಾಗದಷ್ಟು ಕಾದಿತ್ತು. ಬ್ರೇಕರ್ ಇಳಿಸಿ, ಆರಿದ ಮೇಲೆ ಬಿಚ್ಚಿ ನೋಡಿದಾಗ ಒಂದು ಸ್ಕ್ರೂ ಸಡಿಲ, ಅದರಡಿಯ ತಂತಿಯ ಸಿಪ್ಪೆ ಕಪ್ಪಗೆ. ಮನೆ ಕಟ್ಟಿದವರು ಹಾಕಿಸಿದ್ದ ಅಗ್ಗದ ಸಾಕೆಟ್, ವರ್ಷಕ್ಕೆರಡು ಸಲ ಬಳಸುವಂಥದ್ದು. ದಿನಾ ರಾತ್ರಿ ಆರು ಗಂಟೆ 40 ಆಂಪಿಯರ್ ಎಳೆಯುವುದಕ್ಕೆ ತಕ್ಕದ್ದಲ್ಲ. 50 ಆಂಪಿಯರ್ ಬ್ರೇಕರಿನಿಂದ ಬಿಡುವಿಲ್ಲದೆ ಎಳೆಯಬಹುದಾದದ್ದು ಅದರ ಶೇಕಡಾ 80, ಅಂದರೆ ಸರಿಯಾಗಿ 40. ಲೆಕ್ಕದ ಪ್ರಕಾರ ತಪ್ಪಿರಲಿಲ್ಲ, ಸ್ಕ್ರೂ ತಪ್ಪಿತ್ತು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ ಕೈಗಾರಿಕಾ ದರ್ಜೆಯ ಸಾಕೆಟ್ ಹಾಕಿಸಿದೆ, ಸುಟ್ಟ ತಂತಿಯ ತುದಿ ಕತ್ತರಿಸಿ ಹೊಸದಾಗಿ ಟಾರ್ಕ್ ಅಳೆದು ಬಿಗಿಯಲಾಯಿತು. ಕಾರಿನ ಪರದೆಯಲ್ಲಿ 32 ಆಂಪಿಯರ್‌ಗೆ ಇಳಿಸಿ ಬಿಟ್ಟಿದ್ದೇನೆ. ರಾತ್ರಿ ಇಡೀ ಇರುತ್ತದಲ್ಲ, ಅವಸರ ಯಾರಿಗೆ? ಹಳೆಯ ಕಾರು ಕೊಂಡವರು ಕಾರನ್ನು ನೋಡುವಷ್ಟೇ ಗಮನದಿಂದ ಗೋಡೆಯನ್ನೂ ನೋಡಿ, ದಯವಿಟ್ಟು.

ಹೊರಗಡೆ ಚಾರ್ಜ್ ಮಾಡಲು ಜೆ1772 ಅನ್ನುವ ಇಲ್ಲಿನ ಮಾಮೂಲಿ ಸಾರ್ವಜನಿಕ ಚಾರ್ಜಿಂಗ್ ಪ್ಲಗ್ಗಿನಿಂದ ರೋಡ್‌ಸ್ಟರಿನ ಸ್ವಂತ ಬಾಯಿಗೆ ಹೊಂದುವ ಅಡಾಪ್ಟರ್ ಬೇಕು. ಮಾರಿದವರು ಕೊಟ್ಟಿದ್ದರು. ಅದಿಲ್ಲದಿದ್ದರೆ ಈ ಕಾರಿಗೆ ಊರಿನ ಯಾವ ಚಾರ್ಜರೂ ಇಲ್ಲ ಅಂದುಕೊಳ್ಳಿ.

ಹಾಡಿನ ಡಬ್ಬಿ ಬದಲಿಸಿ ಬ್ಲೂಟೂತ್ ಇರುವುದನ್ನು ಹಾಕಿದ್ದು ಅರ್ಧ ದಿನದ ಕೆಲಸ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಮೊದಲ ಏರು

ಪೆಮ್ ಕೆಲಸವನ್ನು ಈ ಕಾರುಗಳನ್ನೇ ನೋಡಿಕೊಳ್ಳುವ ಒಂದು ಸಣ್ಣ ವರ್ಕ್‌ಶಾಪಿಗೆ ಒಪ್ಪಿಸಿದೆ. ಅದಕ್ಕೆ ಮುಂಚಿನ ದಿನ 680 ಹೆದ್ದಾರಿಯ ಸುನೋಲ್ ಏರಿನಲ್ಲಿ ಹೋಗಿ ಅಂಕಿ ಬರೆದುಕೊಂಡಿದ್ದೆ: ತುದಿ ಮುಟ್ಟುವಾಗ ಪೆಮ್ 63 ಡಿಗ್ರಿ. ವರ್ಕ್‌ಶಾಪಿನಲ್ಲಿ ಬಿಚ್ಚಿದಾಗ ಕರೆದು ತೋರಿಸಿದರು. ರೆಕ್ಕೆಗಳ ಮಧ್ಯೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು, ಚಿಮಟಿಗೆಯಲ್ಲಿ ಹಿಡಿದರೆ ಪಟ್ಟಿಯಾಗಿ ಬರುತ್ತಿತ್ತು. ತೊಳೆದು ಕೂರಿಸಿದ ಮೇಲೆ ಅದೇ ಏರು, ಅದೇ ವೇಗ, ಹೆಚ್ಚು ಕಡಿಮೆ ಅದೇ ಬಿಸಿಲು: 52 ಡಿಗ್ರಿ. ಬ್ಯಾಟರಿಯ ಕೂಲಂಟನ್ನೂ ಅವರೇ ಬದಲಿಸಿದರು.

ಬ್ಯಾಟರಿ ಬದಲಿಸುವ ಯೋಚನೆ ಇದೆಯಾ ಅಂತ ಗೆಳೆಯರು ಕೇಳುತ್ತಾರೆ. ಟೆಸ್ಲಾ 2014ರ ಡಿಸೆಂಬರಿನಲ್ಲಿ 3.0 ಅನ್ನುವ ಸುಧಾರಣೆ ಘೋಷಿಸಿ, ಆಮೇಲೆ 29 ಸಾವಿರ ಡಾಲರಿಗೆ ದೊಡ್ಡ ಬ್ಯಾಟರಿ ಕೊಟ್ಟಿತ್ತು. ಅದು ಹಾಕಿಸಿಕೊಂಡ ಕಾರು ಸಿಕ್ಕರೆ ಪುಣ್ಯ. ನನಗೆ ಸದ್ಯ ಬೇಡ. ಪೂರ್ತಿ ಚಾರ್ಜ್ ಮಾಡಿ ಪ್ಲಗ್ಗಿನಲ್ಲೇ ಎರಡು ಮೂರು ದಿನ ಬಿಟ್ಟರೆ ಕಾರು ಮೇಲಿರುವ ಬ್ರಿಕ್ಕುಗಳಿಂದ ಸ್ವಲ್ಪ ಸ್ವಲ್ಪ ಇಳಿಸಿ ಎಲ್ಲವನ್ನೂ ಒಂದು ಮಟ್ಟಕ್ಕೆ ತರುತ್ತದೆ. ಅದನ್ನು ನಾಲ್ಕು ಸಲ ಮಾಡಿದ ಮೇಲೆ ಸಿಎಸಿ 143ಕ್ಕೆ ಬಂದಿದೆ, ಸೊರಗಿದ ಬ್ರಿಕ್ 141. ನಮ್ಮ ಓಡಾಟಕ್ಕೆ ಧಾರಾಳ.

ಕಳೆದ ಶನಿವಾರ ಮಾವನನ್ನು ಕೂರಿಸಿಕೊಂಡು ನೈಲ್ಸ್ ಕಣಿವೆಯ ದಾರಿ ಹಿಡಿದೆ. ಅವರ ಮಂಡಿಗೆ ಈ ಕಾರಿನ ಎತ್ತರದ ಹೊಸ್ತಿಲು ಕಷ್ಟ; ಮೇಲಿನ ಬಟ್ಟೆ ಸುತ್ತಿ ತೆಗೆದಿಟ್ಟ ಮೇಲೆ ನಿಂತುಕೊಂಡೇ ಕಾಲಿಟ್ಟು ಇಳಿದು ಕೂತರು. ಪಕ್ಕದಲ್ಲಿ ತೊರೆ, ಮೇಲೆ ಹಳೆಯ ರೈಲಿನ ಹಳಿ, ತಿರುವಿನ ಮೇಲೆ ತಿರುವು. ನೇರ ಬಂದ ಕಡೆ ಒಂದೇ ಒಂದು ಸಲ ಕಾಲು ಒತ್ತಿದೆ. ಮಾವ ಡ್ಯಾಶ್ ಹಿಡಿದುಕೊಂಡು ಏನೂ ಮಾತಾಡಲಿಲ್ಲ. ಸುನೋಲ್ ತಲುಪಿದ ಮೇಲೆ ಅಂದರು, "ಶಿರಾಡಿಯಲ್ಲಿ ಇದನ್ನ ಹತ್ತಿಸಬೇಕಿತ್ತು, ಅಳಿಯಂದ್ರೆ."

ಮೆನ್ಲೋ ಪಾರ್ಕ್ ಇಲ್ಲಿಂದ ಡಂಬಾರ್ಟನ್ ಸೇತುವೆಯ ಆಚೆಗೇ ಇದೆ. ಇಂಗ್ಲೆಂಡಿನಿಂದ ಬಂದ ಗೂಡಿಗೆ ಬ್ಯಾಟರಿ, ಮೋಟಾರ್ ಕೂರಿಸಿ ಅಮೆರಿಕದ ರೋಡ್‌ಸ್ಟರ್‌ಗಳನ್ನು ಪೂರ್ತಿಗೊಳಿಸುತ್ತಿದ್ದದ್ದು ಅಲ್ಲೇ. ಮಾವ ಊರಿಗೆ ಹೊರಡುವುದರೊಳಗೆ ಒಂದು ದಿನ ಅಲ್ಲಿಗೂ ಹೋಗಿ ಬರಬೇಕು.

ಮನೆಗೆ ಬಂದು ಪ್ಲಗ್ ಹಾಕಿದೆ. ಫ್ಯಾನು ಇನ್ನೂ ತಿರುಗುತ್ತಿತ್ತು. ನಾನು ಫೋನಿನಲ್ಲಿ ಬಿಸಿಯ ಅಂಕಿ ನೋಡುತ್ತಿದ್ದರೆ, ಮಾವ ಆಗಲೇ ಗೋಣಿ ಹಾಸಿ ಟಾರ್ಚ್ ಹಿಡಿದು ಕೆಳಗೆ ಮಲಗಿದ್ದರು.